ಕೊನೆಯ ಅಕ್ಷರದ ಹರಕೆ

ಹೆದರಿಕೆ ಕೆಲವರ ಮನೆಗೆ ಆಗಾಗ ಬಂದು ಹೋಗುವ ನೆಂಟನಂತೆ. ನನ್ನ ಮಟ್ಟಿಗೆ ಅದು ಹಾಗಲ್ಲ, ಮನೆಯವರಲ್ಲೇ ಒಬ್ಬರಾಗಿಬಿಟ್ಟಿದೆ. ನಮ್ಮವರು ಗೊರಕೆ ಹೊಡೆದರೆ ನನಗೆ ನಿದ್ದೆ ಬರುವುದಿಲ್ಲ. ಹೊಡೆಯದಿದ್ದರೆ ಎದ್ದು ಅವರ ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಬಸ್ಸು ತಡವಾದರೆ ಅಪಘಾತವಾಯಿತೇನೋ ಎಂದೂ, ಬೇಗ ಬಂದರೆ ಡ್ರೈವರನಿಗೆ ತಲೆ ಕೆಟ್ಟಿದೆಯೇನೋ ಎಂದೂ ಹೆದರುತ್ತೇನೆ. ಇಷ್ಟು ಹೆದರುವವಳಿಗೆ ಒಬ್ಬ ದೇವರು ಎಲ್ಲಿ ಸಾಕಾಗುತ್ತಾನೆ? ಒಬ್ಬನಿಗೆ ಹೇಳಿದರೆ ಅವನು ಬೇರೆ ಕೆಲಸದಲ್ಲಿದ್ದಾನೇನೋ ಎಂಬ ಇನ್ನೊಂದು ಹೆದರಿಕೆ ಹುಟ್ಟುತ್ತದೆ. ಆಗ ಮತ್ತೊಬ್ಬನಿಗೆ ಹೇಳುತ್ತೇನೆ. ಈ ಚಾಳಿಯಿಂದ ಅರುವತ್ತೆರಡು ವರ್ಷ ನನಗೆ ತೊಂದರೆಯೇನೂ ಆಗಿರಲಿಲ್ಲ. ಓಮನ್‌ಗೆ ಬಂದು ಅಜ್ಜಿಯಾದ ದಿನವೇ ಸಿಕ್ಕಿಬಿದ್ದೆ.

ಹೌದು, ನಾನು ಅಜ್ಜಿಯಾದೆ! ಮೂರನೇ ಕ್ಲಾಸು ಓದಿ ಬೀಡಿ ಕಟ್ಟಲು ಕೂತ ನಾನು, ಮೊಮ್ಮಗನನ್ನು ನೋಡಲು ವಿಮಾನ ಹತ್ತಿ ಕಡಲು ದಾಟಿದೆ. ಮಗಳು ವನಿತಾಳಿಗೆ ಮದುವೆಯಾಗಿ ಎಂಟು ವರ್ಷ ಆಗಿತ್ತು. ಎಂಟು ವರ್ಷ ಊರಿನಲ್ಲಿ ಯಾರ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋದರೂ "ನಿಮ್ಮ ವನಿತಾಳದ್ದು ಎಂತ?" ಎಂದು ಕೇಳುವವರಿದ್ದರು. ನಾನು ಪಾಯಸ ಅರ್ಧಕ್ಕೆ ಬಿಟ್ಟು ಕೈ ತೊಳೆಯುತ್ತಿದ್ದೆ. ಈಗ ಕೇಳಲಿ ನೋಡುವ. ಮಗು ಹೇಗಿದ್ದಾನೆ ಎಂದು ನಾನು ಬರೆಯುವುದಿಲ್ಲ, ದೃಷ್ಟಿಯಾದೀತು. ಮೂಗಿನ ಬಗ್ಗೆಯಂತೂ ಒಂದಕ್ಷರವೂ ಬರೆಯುವುದಿಲ್ಲ. ಆದರೆ ಅಂಥ ಮೂಗನ್ನು ನಾನು ಈವರೆಗೆ ಯಾವ ಮಗುವಿನಲ್ಲೂ ನೋಡಿಲ್ಲ.

ಮಗಳ ಮನೆ ಇರುವುದು ದಾರ್ಸೈಟ್‌ನಲ್ಲಿ, ಮೂರನೆಯ ಮಹಡಿಯಲ್ಲಿ. ಅಳಿಯ ಪ್ರಶಾಂತ್ ಮೈಸೂರಿನ ಕಡೆಯವರು, ಖುರುಮ್‌ನ ಆಫೀಸೊಂದರಲ್ಲಿ ಇಂಜಿನಿಯರು. ಹಲ್ಲುಜ್ಜುವುದಕ್ಕೂ ಮೊದಲು ಪಟ್ಟಿ ಬರೆಯುವ ಮನುಷ್ಯ. ಅವರ ತಾಯಿ, ಅಂದರೆ ನನ್ನ ಬೀಗಿತ್ತಿ, ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರಿಗೆ ವಿಮಾನದ ಮೆಟ್ಟಿಲು ಹತ್ತಲು ಮಂಡಿನೋವು, ಹಾಗಾಗಿ ಮೈಸೂರಿನಿಂದಲೇ ವಿಡಿಯೋ ಕಾಲಿನಲ್ಲಿ ಬರುತ್ತಾರೆ. ಅವರ ಮುಖ ಫೋನಿನಲ್ಲಿ ಕಂಡರೆ ಸಾಕು, ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತೇನೆ. ಮೂರನೇ ಕ್ಲಾಸಿನ ನಂತರ ನಾನು ಕಂಡ ಮೊದಲ ಟೀಚರು ಅವರು.

ಹೆರಿಗೆಯ ದಿನ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಹೊರಟೆವು. ಕಾರು ಹತ್ತುವ ಮೊದಲೇ ಬೀಗಿತ್ತಿಯ ಫೋನು ಬಂತು. ಪಂಚಾಂಗ ನೋಡಿದ್ದರು. "ಇವತ್ತು ಪೂರ್ತಿ ಅನುರಾಧಾ ನಕ್ಷತ್ರ. ಹೆಸರು 'ನಿ' ಅಕ್ಷರದಿಂದ ಶುರುವಾಗ್ಬೇಕು. ಅದೊಂದು ಸರಿಯಾಗಿದ್ರೆ ಮಿಕ್ಕಿದ್ದು ನೀವು ಹೇಗಾದ್ರೂ ಇಟ್ಕೊಳ್ಳಿ," ಎಂದರು. ಈ "ಮಿಕ್ಕಿದ್ದು ಹೇಗಾದ್ರೂ" ಎಂಬ ಮಾತೇ ನನಗೆ ಮುಳುವಾದದ್ದು. ನಮ್ಮ ಹಿರಿಯರಿಗೆ ಈ ರಗಳೆಯೇ ಇರಲಿಲ್ಲ. ನನ್ನ ಅಪ್ಪ ಶುಕ್ರವಾರ ಹುಟ್ಟಿದರು, ತುಕ್ರ ಆದರು. ದೊಡ್ಡಪ್ಪ ಶನಿವಾರ ಹುಟ್ಟಿ ತನಿಯ ಆದರು. ಹೆತ್ತವರು ಆ ದಿನ ಯಾವ ವಾರ ಎಂದು ನೆನಪಿಟ್ಟುಕೊಂಡರೆ ಸಾಕಿತ್ತು. ಹರಕೆ ಹೇಳಿ ಹೆತ್ತ ಮಗುವಾದರೆ ದೇವರ ಹೆಸರನ್ನೇ ಇಡಿಯಾಗಿ ಇಡುತ್ತಿದ್ದರು. ಇಲ್ಲಿ ಮೊದಲ ಅಕ್ಷರ ಆಗಲೇ ನಕ್ಷತ್ರದ ಪಾಲಾಗಿತ್ತು. ನಡುವಿನ ಅಕ್ಷರವನ್ನು ದೇವರಿಗೆ ಕೊಡುವುದೆಂದರೆ ದೊಡ್ಡವರನ್ನು ಬಸ್ಸಿನಲ್ಲಿ ನಡುವೆ ನಿಲ್ಲಿಸಿದ ಹಾಗೆ, ಮರ್ಯಾದೆಯಲ್ಲ. ನನ್ನ ಕೈಯಲ್ಲಿ ಉಳಿದದ್ದು ಕೊನೆಯ ಅಕ್ಷರ ಒಂದೇ.

ಕಾರಿನಲ್ಲಿ ವನಿತಾ ಹಲ್ಲು ಕಚ್ಚಿ ಕೂತಿದ್ದಳು. ನಾನು ಹಿಂದಿನ ಸೀಟಿನಿಂದ ನಮ್ಮ ಮನೆತನದ ದೈವ ಪಂಜುರ್ಲಿಯನ್ನು ನೆನೆದೆ. "ಗಂಡೋ ಹೆಣ್ಣೋ, ತಾಯಿ ಮಗು ಕ್ಷೇಮವಾಗಿ ಬಂದರೆ ನಿನ್ನ ಹೆಸರಿನ ಕೊನೆಯ ಅಕ್ಷರವೇ ಮಗುವಿನ ಹೆಸರಿನ ಕೊನೆಯ ಅಕ್ಷರ," ಎಂದೆ. ಮನಸ್ಸು ಹಗುರವಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಹತ್ತು ಗಂಟೆಗೆ ಮಲಯಾಳಿ ನರ್ಸಮ್ಮ ಒಳಗಿನಿಂದ ಓಡಿ ಬಂದು ಇನ್ನೊಬ್ಬಳನ್ನು ಕರೆದುಕೊಂಡು ಹೋದಳು. ಮಗುವಿನ ಎದೆಬಡಿತ ಸ್ವಲ್ಪ ಕಡಿಮೆಯಿದೆಯಂತೆ. ನನ್ನ ಎದೆಬಡಿತ ಆಗ ಎರಡು ಮಕ್ಕಳಿಗೆ ಸಾಕಾಗುವಷ್ಟಿತ್ತು. ಅಂಥ ಹೊತ್ತಿನಲ್ಲಿ ನಾಗನನ್ನು ಮರೆಯುವುದುಂಟೇ? ಸುಬ್ರಹ್ಮಣ್ಯನಿಗೆ ಕೊನೆಯ ಅಕ್ಷರ ಕೊಟ್ಟೆ. ಹನ್ನೆರಡಕ್ಕೆ ಡಾಕ್ಟರಮ್ಮ ಒಳಗೆ ಹೋದರು, ಅವರ ಹಿಂದೆ ಇನ್ನೊಬ್ಬ ಡಾಕ್ಟರು. ಒಬ್ಬ ಡಾಕ್ಟರು ಹೋದರೆ ಕಾಯಿಲೆ, ಇಬ್ಬರು ಹೋದರೆ ಕಾಯಿಲೆ ದೊಡ್ಡದು ಎಂಬುದು ನನ್ನ ಲೆಕ್ಕ. ಆಗ ಥಟ್ಟನೆ ನೆನಪಾಯಿತು, ವಿಘ್ನ ಕಳೆಯುವ ಗಣಪತಿಗೆ ನಾನು ಮೊದಲು ಹೇಳಬೇಕಿತ್ತಲ್ಲ! ಅವನನ್ನು ಬಿಟ್ಟದ್ದಕ್ಕೇ ಅಡ್ಡ ಕೂತಿರಬೇಕು. ಕೊನೆಯ ಅಕ್ಷರ ಅವನಿಗೂ ಹೋಯಿತು. ಎರಡು ಗಂಟೆ ದಾಟಿದರೂ ಒಳಗಿನಿಂದ ಮಗಳ ಕೂಗು ಮಾತ್ರ ಕೇಳುತ್ತಿತ್ತು. ಅಳಿಯ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ನನಗೆ ಹೊಸ ಹೆದರಿಕೆ ಶುರುವಾಯಿತು. ನಾನು ಕರೆದವರೆಲ್ಲ ಊರಿನವರು. ನಾನೇ ಇಲ್ಲಿಗೆ ಬರಲು ವೀಸಾಕ್ಕೆ ಇಪ್ಪತ್ತು ದಿನ ಕಾದಿದ್ದೆ. ಅವರು ಇಷ್ಟು ಬೇಗ ಕಡಲು ದಾಟಿ ಬಂದಾರೆಯೇ? ಈ ಊರಿನಲ್ಲೇ ವಾಸವಿರುವ ದೇವರು ಯಾರು? ದಾರ್ಸೈಟ್‌ನ ದೇವಸ್ಥಾನದ ಕೃಷ್ಣ! ಮನೆಯಿಂದ ಹತ್ತು ನಿಮಿಷದ ದಾರಿಯವನು. ಅವನಿಗೂ ಅದೇ ಕೊನೆಯ ಅಕ್ಷರ ಕೊಟ್ಟು ಕೈಮುಗಿದೆ. ಐದು ನಿಮಿಷವಾಗಲಿಲ್ಲ, ಒಳಗೆ ಮಗು ಅತ್ತಿತು.

ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು, "ಅಮ್ಮಚ್ಚೀ, ಆಣ್‌ಕುಟ್ಟಿ!" ಎಂದಳು, ಗಂಡುಮಗು ಎಂದು. ನಾನು ಎಷ್ಟು ಅತ್ತೆನೆಂದರೆ ಅವಳು ಮಗುವನ್ನು ನನ್ನ ಕೈಗೆ ಕೊಡದೆ ಮೊದಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಯಾವ ದೇವರಿಗೆ ಏನು ಹೇಳಿದ್ದೆ ಎಂಬುದು ಆಗ ನನ್ನ ತಲೆಯಲ್ಲಿ ಎಲ್ಲಿತ್ತು? ಅದು ನೆನಪಾದದ್ದು ಮರುದಿನ, ಅಳಿಯ ಲ್ಯಾಪ್‌ಟಾಪ್ ತೆರೆದು ಕೂತಾಗ.

"ಅತ್ತೆ, ಹೆಸರು ಬೇಗ ಫೈನಲ್ ಮಾಡ್ಬೇಕು. ಹೆಸರಿಲ್ದೆ ಬರ್ತ್ ಸರ್ಟಿಫಿಕೇಟ್ ಆಗಲ್ಲ. ಅದಿಲ್ದೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ದೆ ವೀಸಾ ಇಲ್ಲ," ಎಂದರು.

ಅಂದರೆ ನನ್ನ ಮೊಮ್ಮಗ ಈ ದೇಶದಲ್ಲಿ ವೀಸಾ ಇಲ್ಲದೆ ಮಲಗಿದ್ದಾನೆ! ಕೈಗೆ ಕಟ್ಟಿದ ಪಟ್ಟಿಯಲ್ಲೂ "ಬೇಬಿ ಆಫ್ ವನಿತಾ" ಎಂದಷ್ಟೇ ಇತ್ತು. ಬಾಗಿಲು ತಟ್ಟಿದ ಸದ್ದಾದಾಗಲೆಲ್ಲ ಪೊಲೀಸರೇ ಬಂದರೆಂದು ನಾನು ತೊಟ್ಟಿಲಿಗೆ ಅಡ್ಡ ನಿಂತೆ. ಬಂದದ್ದು ಊಟದ ಟ್ರೇ.

ಬೀಗಿತ್ತಿ ಫೋನಿನಲ್ಲಿ ಒಂದೊಂದೇ ಹೆಸರು ಹೇಳತೊಡಗಿದರು. ನಿಖಿಲ್, ನಿತಿನ್, ನಿಶಾಂತ್, ನಿರಂಜನ್. ಎಲ್ಲವೂ ಚಿನ್ನದಂಥ ಹೆಸರುಗಳೇ. ನಾನು ಮಾತ್ರ ಪ್ರತಿಯೊಂದಕ್ಕೂ "ಕೊನೆ ಸರಿಯಾಗುದಿಲ್ಲ" ಎಂದು ತಲೆ ಅಲ್ಲಾಡಿಸಿದೆ. "ಕೊನೆಗೇನಾಗಿದೆ ಬೀಗಿತ್ತಿಯವರೇ?" ಎಂದು ಅವರು ಕೇಳಿದಾಗ, ಮಗ್ಗಿ ಬಾರದ ಹುಡುಗಿಯಂತೆ ನೆಲ ನೋಡಿದೆ. ನಾಲ್ಕು ಜನಕ್ಕೆ ಒಂದೇ ಅಕ್ಷರ ಕೊಟ್ಟಿದ್ದೇನೆ ಎಂದು ಹೇಳುವುದು ಹೇಗೆ? ಹೆಣ್ಣಾಗಿದ್ದರೆ ಒಬ್ಬರಿಬ್ಬರನ್ನಾದರೂ ಸಂಭಾಳಿಸಬಹುದಿತ್ತು. ಗಂಡಿಗೆ ಎಲ್ಲಿಂದ ತರಲಿ? 'ನಿ'ಯಿಂದ ಶುರುವಾಗಿ ಪಂಜುರ್ಲಿಯ 'ಲಿ'ಯಲ್ಲಿ ಮುಗಿಯಬೇಕೆಂದು ಬಚ್ಚಲಿನಲ್ಲಿ ಕೂತು ಯೋಚಿಸಿದರೆ 'ನಿಲ್ಲಲಿ' ಎಂಬುದು ಬಿಟ್ಟು ಬೇರೇನೂ ಹೊಳೆಯಲಿಲ್ಲ. ಅದು ಬಸ್ಸಿಗೆ ಹೇಳುವ ಮಾತು. ಗಣಪತಿಯ 'ತಿ'ಗೆ ಸಿಕ್ಕಿದ್ದು 'ನಿವೃತ್ತಿ'. ಹುಟ್ಟಿದ ಎರಡನೇ ದಿನಕ್ಕೇ ಹುಡುಗನನ್ನು ಕೆಲಸದಿಂದ ಬಿಡಿಸಿದ ಹಾಗೆ. ಕೃಷ್ಣನ 'ಷ್ಣ'ಕ್ಕೆ 'ಉಷ್ಣ' ಒಂದೇ ನೆನಪಾಯಿತು. ಅದಕ್ಕೆ 'ನಿ' ಇಲ್ಲ. ಇದ್ದರೂ ಕಿಟಕಿಯ ಹೊರಗೆ ಬೇಕಾದಷ್ಟು ಬಿದ್ದಿತ್ತು. ಸುಬ್ರಹ್ಮಣ್ಯನ ವಿಷಯ ಕೇಳಲೇಬೇಡಿ.

ಅಳಿಯನಿಗೆ ಪಾಪ, ಅತ್ತೆಗೆ ಕೊನೆಯ ಅಕ್ಷರದಲ್ಲಿ ಏನೋ ವಿಶೇಷ ನಂಬಿಕೆ ಇದೆ ಎಂದು ಅರ್ಥವಾಯಿತು. ಸಂಜೆಗೆ ಒಂದು ಪಟ್ಟಿ ಮಾಡಿಕೊಂಡು ಬಂದರು. 'ನಿ'ಯಿಂದ ಶುರುವಾಗುವ ನೂರಾರು ಹೆಸರುಗಳನ್ನು ಕೊನೆಯ ಅಕ್ಷರದ ಪ್ರಕಾರ ಜೋಡಿಸಿ, ಬಣ್ಣ ಬೇರೆ ಹಚ್ಚಿದ್ದರು. "ನಿಮಗೆ ಯಾವ ಲೆಟರ್ ಬೇಕೋ ಅದನ್ನ ಹೇಳಿ ಅತ್ತೆ, ಕ್ಲಿಕ್ ಮಾಡಿದ್ರೆ ಬರುತ್ತೆ," ಎಂದರು. ನಾನು 'ಲಿ' ಎಂದೆ. ಏನೂ ಬರಲಿಲ್ಲ. 'ತಿ' ಎಂದೆ. ಅವರು ಕತ್ತೆತ್ತಿ ನನ್ನನ್ನೇ ನೋಡಿದರು. ಆದರೂ ದೊಡ್ಡ ಮನುಷ್ಯ, "ಪರವಾಗಿಲ್ಲ, ಇನ್ನೊಂದು ಸೈಟ್ ನೋಡೋಣ," ಎಂದು ಎದ್ದು ಹೋದರು.

ಮೂರನೇ ದಿನ ಮಗುವಿನ ಮೈ ಹಳದಿಯಾಯಿತು.

ಕಾಮಾಲೆ, ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯ, ಎರಡು ದಿನ ಬೆಳಕಿನ ಕೆಳಗೆ ಇಟ್ಟರೆ ಹೋಗುತ್ತದೆ ಎಂದು ಡಾಕ್ಟರಮ್ಮ ನಗುತ್ತಲೇ ಹೇಳಿದರು. ನನಗೆ ನಗು ಎಲ್ಲಿಂದ ಬರಬೇಕು? ಗಾಜಿನ ಪೆಟ್ಟಿಗೆಯಲ್ಲಿ, ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆ ಹಿಡಿಯಷ್ಟು ಜೀವ ಕೈಕಾಲು ಬಡಿಯುತ್ತಿತ್ತು. ಎತ್ತಿಕೊಳ್ಳುವಂತಿಲ್ಲ, ಮುಟ್ಟುವಂತಿಲ್ಲ. ಎಂಟು ವರ್ಷ ಕಾದು ಸಿಕ್ಕಿದವನು. ನಾನು ಗಾಜಿಗೆ ಹಣೆ ಹಚ್ಚಿ ನಿಂತೆ. ಒಂದು ಮಾತು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಡಾಕ್ಟರು ಏನೇ ಹೇಳಲಿ, ಇದು ಕಾಮಾಲೆಯಲ್ಲ. ಒಂದು ಅಕ್ಷರಕ್ಕೆ ನಾಲ್ವರು ಬಂದು ನಿಂತಿದ್ದಾರೆ, ನಾಲ್ವರೂ ಮುನಿದಿದ್ದಾರೆ. ತಪ್ಪು ಮಾಡಿದ್ದು ನಾನು, ಪೆಟ್ಟಿಗೆಯಲ್ಲಿ ಮಲಗಿದ್ದು ಅವನು.

ಕಾರಿಡಾರಿನ ಮೂಲೆಗೆ ಹೋಗಿ ಊರಿನಲ್ಲಿರುವ ತಮ್ಮ ಸಂಜೀವನಿಗೆ ಫೋನು ಮಾಡಿದೆ. ಮನೆಯ ದೈವದ ಕೆಲಸವೆಲ್ಲ ನೋಡಿಕೊಳ್ಳುವವನು ಅವನು. ನಡೆದದ್ದೆಲ್ಲ ಹೇಳಿದೆ.

"ಅಕ್ಕ, ನೀನು ದೈವಕ್ಕೆ ಕೊಟ್ಟದ್ದು ಎಂತ?"

"ಅಕ್ಷರ."

"ಅಕ್ಷರ! ಎಳನೀರು ಕೊಡುವವರುಂಟು, ಕೋಳಿ ಕೊಡುವವರುಂಟು. ಅಕ್ಷರ ಕೊಟ್ಟದ್ದು ನಮ್ಮ ಏಳು ತಲೆಮಾರಿನಲ್ಲಿ ನೀನೊಬ್ಬಳೇ ಮಾರಾಯ್ತಿ. ಅದಕ್ಕೆ ಓದ್ಲಿಕ್ಕೆ ಬರ್ತದಾ? ನಿನಗೇ ಸರಿ ಬರುದಿಲ್ಲ."

"ತಮಾಷೆ ಮಾಡ್ಬೇಡ. ಮಗು ಹಳದಿಯಾಗಿದೆ ಮಾರಾಯ."

ನನ್ನ ದನಿ ಕೇಳಿ ಅವನು ಮೆತ್ತಗಾದ. "ಅಳ್ಬೇಡ. ದೈವದ ಎದುರು ಒಂದು ಎಳನೀರಿಟ್ಟು ನಾನು ಹೇಳ್ತೇನೆ, ಅಕ್ಕನಿಗೆ ಹೆದರಿಕೆಯಲ್ಲಿ ಬಾಯಿ ತಪ್ಪಿದೆ ಅಂತ. ಅದಕ್ಕೆ ನಿನ್ನನ್ನು ಗೊತ್ತಿಲ್ವಾ? ನೀನು ಸಣ್ಣದಿರುವಾಗಿಂದ ಅದು ನೋಡ್ತಾ ಉಂಟು. ಆದ್ರೆ ಉಳಿದ ಮೂರು ನನ್ನ ಕೈಯಲ್ಲಿಲ್ಲ. ನೀನು ಮನೆಯವರ ಹತ್ತಿರ ಹೇಳು, ಮೊದಲು."

ಹೇಳಬೇಕಾದ ಹೊತ್ತೂ ಬಂತು. ಮರುದಿನ ಮಧ್ಯಾಹ್ನ ಅಳಿಯ ಫಾರಮ್ಮು ಹಿಡಿದುಕೊಂಡು, "ಇವತ್ತು ಹೆಸರು ಬರೆದುಕೊಡ್ಲೇಬೇಕು," ಎಂದು ಬಂದರು. ಮಂಚದ ಮೇಲೆ ವನಿತಾ, ಪಕ್ಕದ ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿದ ಫೋನಿನಲ್ಲಿ ಬೀಗಿತ್ತಿ. ಮಗು ಇನ್ನೂ ಆಚೆ ಕೋಣೆಯ ನೀಲಿ ಬೆಳಕಿನಲ್ಲಿತ್ತು. ನಾನು ಎದ್ದು ನಿಂತು, ತರಗತಿಯಲ್ಲಿ ತಪ್ಪೊಪ್ಪಿಕೊಳ್ಳುವವಳ ಹಾಗೆ, ಏಳು ಗಂಟೆಯ ಕಾರಿನಿಂದ ಶುರುಮಾಡಿ ಎರಡು ಗಂಟೆಯ ಕೃಷ್ಣನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. "ನನ್ನಿಂದಾಗಿಯೇ ಮಗುವಿಗೆ ಹೀಗಾದದ್ದು," ಎಂದೆ.

ಅಳಿಯ "ಒಂದ್ನಿಮಿಷ ಅತ್ತೆ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಕಾರಿಡಾರಿನಲ್ಲಿ ಅವರು ಕೆಮ್ಮಿದ್ದು ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು. ನಾನು ಹೆದರಿದ್ದು ಫೋನಿನಲ್ಲಿದ್ದ ಮುಖಕ್ಕೆ. ಬೀಗಿತ್ತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಬೆತ್ತ ಹುಡುಕುತ್ತಿದ್ದಾರೇನೋ ಎಂದುಕೊಂಡೆ.

"ಬೀಗಿತ್ತಿಯವರೇ, ಕೂತ್ಕೊಳ್ಳಿ ಮೊದ್ಲು," ಎಂದರು. "ಆವತ್ತು ನಾನು ಪೂಜಾಕೋಣೆ ಬಿಟ್ಟು ಎದ್ದಿಲ್ಲ ಕಣ್ರೀ. ಊಟ ಇಲ್ಲ, ತಿಂಡಿ ಇಲ್ಲ. ಮಗನಿಗೆ ಹೇಳಿಲ್ಲ, ಈಗ ಹೇಳ್ತೀನಿ. ಮಗು ಕ್ಷೇಮವಾಗಿ ಬಂದ್ರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ ಹತ್ತಿ ಬರ್ತೀನಿ ಅಂತ ಹೇಳ್ಕೊಂಡ್ಬಿಟ್ಟಿದ್ದೀನಿ. ಈ ಮಂಡಿ ಇಟ್ಕೊಂಡು! ನೀವೇ ಜಾಣೆ. ನೀವು ಅಕ್ಷರ ಕೊಟ್ರಿ, ನಾನು ಮೊಣಕಾಲು ಕೊಟ್ಟೆ."

ಹೆಡ್‌ಮಿಸ್ ಒಬ್ಬರು ನನ್ನನ್ನು ಜಾಣೆ ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ಯಾರು ಯಾವಾಗ ಏನು ಮಾಡಿದೆವೋ ಗೊತ್ತಿಲ್ಲ.

ಅಷ್ಟು ಹೊತ್ತು ಗೋಡೆ ನೋಡುತ್ತಾ ಮಲಗಿದ್ದ ವನಿತಾ ಈಚೆ ತಿರುಗಿದಳು. "ಆಯ್ತಾ ನಿಮ್ಮದೆಲ್ಲ? ಈಗ ನಾನು ಹೇಳ್ಲಾ? ಹೆತ್ತದ್ದು ನಾನು. ಒಳಗೆ ಮಲಗಿದ್ದದ್ದು ನಾನು. ನಾನು ಯಾರನ್ನು ಕರೆದೆ ಅಂತ ನೀವು ಯಾರಾದ್ರೂ ಕೇಳಿದ್ರಾ?"

"ಯಾರನ್ನು ಮಗಾ?" ಎಂದೆ. ಐದನೆಯ ದೇವರು ಬಂದರೆ ಎಲ್ಲಿ ಕೂರಿಸುವುದು?

"ಒಂದು ದೇವರ ಹೆಸರೂ ನನಗೆ ನೆನಪಾಗ್ಲಿಲ್ಲ ಅಮ್ಮ. ಅಷ್ಟು ಹೊತ್ತೂ ಅಮ್ಮಾ, ಅಮ್ಮಾ ಅಂತಲೇ ಬೊಬ್ಬೆ ಹಾಕಿದ್ದು. ನೀನು ಹೊರಗೆ ಕೂತು ಅದನ್ನೇ ಕೇಳಿದ್ದಲ್ವಾ? ಆ ನರ್ಸಿನ ಹತ್ತಿರ ಬೇಕಾದ್ರೆ ಕೇಳು, 'ನಿನ್ನ ಅಮ್ಮ ಎಲ್ಲಿಗೂ ಓಡಿ ಹೋಗುದಿಲ್ಲ' ಅಂತ ಅವಳು ಬೈದದ್ದೂ ಉಂಟು. ಕೊನೆಯ ಅಕ್ಷರ ಯಾರಿಗಾದ್ರೂ ಸಲ್ಲಬೇಕು ಅಂತ ಇದ್ರೆ ಅದು ಅಮ್ಮನಿಗೆ ಸಲ್ಲಲಿ, 'ಮ'. ಖಲಾಸ್."

ಅಳಿಯ ಆಗಲೇ ಒಳಗೆ ಬಂದು ಬಾಗಿಲ ಬಳಿ ನಿಂತಿದ್ದರು. ಲ್ಯಾಪ್‌ಟಾಪಿಗೆ ಕೈ ಹಾಕಿದರು. ಅದು ತೆರೆದುಕೊಳ್ಳುವ ಮೊದಲೇ ಫೋನಿನಿಂದ ದನಿ ಬಂತು. "ನಿರುಪಮ. ಹೋಲಿಕೆಯೇ ಇಲ್ಲದವನು ಅಂತ ಅರ್ಥ. ನೀವೆಲ್ಲ ನಿರುಪಮ್ ಅಂತ ಕರ್ಕೊಳ್ಳಿ. ಬರಿಯೋ ಪ್ರಶಾಂತ, ಸುಮ್ನೆ ಬಾಯಿ ಬಿಟ್ಕೊಂಡು ನಿಂತ್ಕೋಬೇಡ." ಅಳಿಯ ಬರೆದರು. ನನ್ನ ಮೊಮ್ಮಗನಿಗೆ ಹೆಸರಾಯಿತು, ಪೊಲೀಸರ ಭಯ ಹೋಯಿತು. ಅದೇ ಸಂಜೆ ರಕ್ತ ಪರೀಕ್ಷೆ ಮಾಡಿ ಕಾಮಾಲೆ ಇಳಿದಿದೆ ಎಂದರು. ಬೆಳಕಿನಿಂದ ಇಳಿಯಿತು ಎಂದು ಡಾಕ್ಟರಮ್ಮನ ಅಭಿಪ್ರಾಯ. ನಾನು ಅವರೊಡನೆ ವಾದಕ್ಕೆ ಹೋಗಲಿಲ್ಲ, ಓದಿದವರು.

ಆದರೆ ಹೆದರಿಕೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಾಲ್ಕು ದೇವರಿಗೆ ಕೊಟ್ಟ ಜಾಗದಲ್ಲಿ ಈಗ ನಾನೇ ಹೋಗಿ ಕೂತಂತಾಯಿತಲ್ಲ! ಹರಕೆ ಹೇಳಿದವಳೂ ನಾನು, ಒಪ್ಪಿಸಿಕೊಂಡವಳೂ ನಾನು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಳಿಯನೊಡನೆ ದೇವಸ್ಥಾನಕ್ಕೆ ಹೋಗಿ ಕೃಷ್ಣನ ಎದುರು ನಿಂತೆ. "ನಾನು ಕೇಳಿದ್ದಲ್ಲ, ಅವಳೇ ಕೊಟ್ಟದ್ದು," ಎಂದೆ. ಅವನಿಗೆ ಇಬ್ಬರು ತಾಯಂದಿರ ಕಷ್ಟ ಗೊತ್ತಿರುವುದರಿಂದ ಜಾಸ್ತಿ ಬಿಡಿಸಿ ಹೇಳಬೇಕಾಗಲಿಲ್ಲ. ಗಣಪತಿಗೂ ಸುಬ್ರಹ್ಮಣ್ಯನಿಗೂ ನೀನೇ ಸ್ವಲ್ಪ ಹೇಳಿಬಿಡು ಎಂದು ಅವನಲ್ಲೇ ಕೇಳಿಕೊಂಡೆ. ಊರಿನಲ್ಲಿ ಸಂಜೀವ ಎಳನೀರು ಇಟ್ಟನಂತೆ. ದೈವ ಏನೂ ಹೇಳಲಿಲ್ಲವಂತೆ. "ಹೇಳಲಿಲ್ಲ ಅಂದರೆ ಒಪ್ಪಿದ ಹಾಗೆ ಅಕ್ಕ," ಎಂದ. ನಮ್ಮವರು ಸುಮ್ಮನಿದ್ದಾಗ ಒಪ್ಪಿದ್ದು ನಾನು ಒಂದು ಸಲವೂ ಕಂಡಿಲ್ಲ, ಆದರೂ ನಂಬಿದೆ.

ಹನ್ನೆರಡನೇ ದಿನ ಮನೆಯಲ್ಲೇ ಹೆಸರಿಟ್ಟೆವು. ಪಕ್ಕದ ಫ್ಲ್ಯಾಟಿನವರು ಖರ್ಜೂರ ತಂದರು. ಬೀಗಿತ್ತಿ ಮೈಸೂರಿನಲ್ಲೇ ರೇಷ್ಮೆ ಸೀರೆ ಉಟ್ಟು ಫೋನಿನಲ್ಲಿ ಕೂತು, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಕೆಲಸ ನನ್ನದೇ ಎಂದು ಅಪ್ಪಣೆ ಮಾಡಿದರು. ಮೂರು ಸಲ ಹೇಳಿದೆ. ಮೂರು ಸಲವೂ ಕೊನೆಯ ಅಕ್ಷರ ಬರುವಾಗ ದನಿ ತಗ್ಗಿಸಿದೆ, ನಾಲ್ವರಿಗೂ ಕೇಳದಿರಲಿ ಎಂದು. ಎಲ್ಲ ಸುಸೂತ್ರವಾಗಿ ಮುಗಿಯಿತು. ಇನ್ನು ಮೇಲೆ ಯಾವ ದೇವರಿಗೂ ಬಾಯಿಬಿಟ್ಟು ಯಾವ ಹರಕೆಯನ್ನೂ ಹೇಳುವುದಿಲ್ಲ ಎಂದು ವನಿತಾ ನನ್ನಿಂದ ಆಣೆ ಹಾಕಿಸಿಕೊಂಡಳು.

ನಿನ್ನೆ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಳು. ಮಗು ನನ್ನ ಮಡಿಲಲ್ಲಿತ್ತು. ಒಂದು ಸಲ ಸೀನಿತು. ಸಣ್ಣ ಮೂಗು, ಧೂಳು ಹೋಗಿರಬೇಕು ಎಂದುಕೊಂಡೆ. ಎರಡನೇ ಸಲ ಸೀನಿತು. ಎ.ಸಿ. ಬಂದ್ ಮಾಡಿದೆ. ಮೂರನೇ ಸಲ ಸೀನಿ, ಮುಖ ಕೆಂಪಗೆ ಮಾಡಿಕೊಂಡು ನನ್ನನ್ನೇ ನೋಡಿತು. ನಾನು ಬಾಯಿಬಿಡಲಿಲ್ಲ, ಆಣೆಗೆ ತಪ್ಪಲಿಲ್ಲ. ಮನಸ್ಸಿನಲ್ಲಿ ಮಾತ್ರ ಹೇಳಿಕೊಂಡೆ. ನಾಲ್ಕನೇ ಸೀನು ಬರಲೇ ಇಲ್ಲ.

ಇನ್ನೊಂದು ಮಗು ಬೇಕೋ ಬೇಡವೋ ಎಂದು ನನ್ನ ಮಗಳೂ ಅಳಿಯನೂ ಇನ್ನೂ ಯೋಚಿಸಿಯೇ ಇಲ್ಲ. ಅದರ ಹೆಸರಿನ ಕೊನೆಯ ಅಕ್ಷರವಂತೂ ಆಗಲೇ ಹೋಗಿಯಾಗಿದೆ.